‘ಕ್ರ್ವಾಯಾಂಸ್’ ಪದವನ್ನು ಬಳಸುವ ಬಗೆ

ಗೋಕರ್ಣದಲ್ಲಿ ಪ್ರವಾಸಿಗರಿಗೆ ಊರು ತೋರಿಸುವವರೂ ಕಾರವಾರದಲ್ಲಿ ಹೋಮ್‌ಸ್ಟೇ ನಡೆಸುವವರೂ ಫ್ರೆಂಚ್ ಕಲಿಯತೊಡಗಿದಾಗ ‘ನಂಬಿಕೆ’ಗೆ ಸಮಾನ ಪದ ಬೇಕಾಗುತ್ತದೆ, ನಿಘಂಟು ತೆರೆದರೆ ‘ಕ್ರ್ವಾಯಾಂಸ್’ ಸಿಗುತ್ತದೆ. ಆ ಉತ್ತರ ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ನಾವು ‘ನಂಬಿಕೆ’ ಎಂಬ ಒಂದೇ ಮಾತಿನಲ್ಲಿ ಹೇಳುವುದನ್ನು ಫ್ರೆಂಚರು ಕ್ರ್ವಾಯಾಂಸ್, ಫ್ವಾ, ಕೋಂಫ್ಯಾಂಸ್ ಎಂಬ ಮೂರು ಪದಗಳಲ್ಲಿ ಹೇಳುತ್ತಾರೆ.

ಮೊದಲು ಉಚ್ಚಾರ. ಇಂಗ್ಲಿಷಿನ ರೂಢಿಯಲ್ಲಿ ‘ಕ್ರೊಯನ್ಸ್’ ಎಂದು ಓದಬಾರದು. ‘ಯಾಂ’ ಎನ್ನುವಾಗ ಸ್ವರವೇ ಮೂಗಿನಿಂದ ಹೊರಡಬೇಕು, ನಾಲಿಗೆಯ ತುದಿ ಮೇಲಕ್ಕೆ ತಾಗಿ ‘ನ್’ ಆಗಬಾರದು. ಕರಾವಳಿಯ ಕೊಂಕಣಿಗರಿಗೆ ಇದು ಕಷ್ಟವಲ್ಲ. ‘ಹಾಂವ’ ಎನ್ನುವಾಗ ಅವರು ಇಂಥದೇ ಸ್ವರವನ್ನು ದಿನವೂ ಆಡುತ್ತಾರೆ. ಪದ ಸ್ತ್ರೀಲಿಂಗ, ಆದ್ದರಿಂದ ‘ಲಾ ಕ್ರ್ವಾಯಾಂಸ್’.

ಇದರ ಕ್ರಿಯಾಪದ ‘ಕ್ರ್ವಾರ್’, ಅಂದರೆ ನಂಬು. ಅದು ಲ್ಯಾಟಿನ್ನಿನ ‘ಕ್ರೇದೆರೆ’ಯಿಂದ ಬಂದದ್ದು, ಆ ಲ್ಯಾಟಿನ್ ಪದಕ್ಕೂ ಸಂಸ್ಕೃತದ ‘ಶ್ರದ್ಧಾ’ಕ್ಕೂ ಮೂಲ ಒಂದೇ ಎಂಬುದು ಭಾಷಾಶಾಸ್ತ್ರಜ್ಞರು ಒಪ್ಪಿದ ಮಾತು. ನಮ್ಮ ‘ಶ್ರದ್ಧೆ’ಗೆ ದೂರದ ನಂಟನೊಬ್ಬ ಪ್ಯಾರಿಸ್ಸಿನಲ್ಲಿ ಇದ್ದಾನೆಂದು ತಿಳಿದಾಗ ನನಗಾದ ಸಂತೋಷ ಸಣ್ಣದಲ್ಲ. ಆದರೂ ಅರ್ಥದಲ್ಲಿ ಶ್ರದ್ಧೆಗೆ ಹತ್ತಿರವಾದದ್ದು ಕ್ರ್ವಾಯಾಂಸ್ ಅಲ್ಲ, ಫ್ವಾ.

ಈ ಭೇದ ತಿಳಿಯಲು ಶ್ರಾವಣ ಹುಣ್ಣಿಮೆಯ ದಿನ ಕಾರವಾರದ ಕಡಲತೀರಕ್ಕೆ ಬರಬೇಕು. ಮೀನುಗಾರನೊಬ್ಬ ಮೊಣಕಾಲಿನವರೆಗೆ ನೀರಿಗಿಳಿದು, ಅರಿಶಿನ ಕುಂಕುಮ ಹಚ್ಚಿದ ತೆಂಗಿನಕಾಯಿಯನ್ನು ಅಲೆಗೆ ಒಪ್ಪಿಸಿ, ಬೊಗಸೆ ನೀರನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಇದೇನೆಂದು ಫ್ರೆಂಚ್ ಅತಿಥಿ ಕೇಳಿದರೆ, ‘ಸೆ ತ್ಯೂನ್ ಕ್ರ್ವಾಯಾಂಸ್’, ಇದೊಂದು ನಂಬಿಕೆ, ಎಂದು ವಿವರಿಸಬಹುದು. ಪದ್ಧತಿಯ ಹಿಂದಿರುವ ಭಾವನೆಯನ್ನು ಹೊರಗೆ ನಿಂತು ಹೆಸರಿಸುವ ಪದವದು. ಆದರೆ ಕಣ್ಣು ಮುಚ್ಚಿ ನಿಂತ ಆ ಮನುಷ್ಯನ ಒಳಗಿರುವುದನ್ನು ಹೇಳಬೇಕಾದಾಗ ‘ಇಲ್ ಆ ಲಾ ಫ್ವಾ’ ಎನ್ನುವುದೇ ಯೋಗ್ಯ. ಒಬ್ಬರ ಭಕ್ತಿಯನ್ನು ಅವರ ಎದುರೇ ಬರಿಯ ಕ್ರ್ವಾಯಾಂಸ್ ಎಂದರೆ ಅದು ಕೆಲವೊಮ್ಮೆ ದೂರ ಸರಿಸಿದಂತೆ ಕೇಳಿಸುತ್ತದೆ. ಅದೇ ಮೀನುಗಾರನು ತನ್ನ ದೋಣಿ ನಡೆಸುವ ತಾಂಡೇಲನ ಮೇಲಿಟ್ಟ ಭರವಸೆಗೆ ಕೋಂಫ್ಯಾಂಸ್ ಎನ್ನಬೇಕು.

ವಿಭಕ್ತಿಯ ಕೆಲಸ ಮಾಡುವ ಪದಗಳತ್ತಲೂ ಗಮನವಿರಲಿ. ದೇವರಲ್ಲಿ ನಂಬಿಕೆಗೆ ‘ಲಾ ಕ್ರ್ವಾಯಾಂಸ್ ಆಂ ದ್ಯೊ’, ಭೂತಪ್ರೇತಗಳ ನಂಬಿಕೆಗೆ ‘ಲಾ ಕ್ರ್ವಾಯಾಂಸ್ ಓ ಫಾಂತೋಮ್’. ಜನಪದ ನಂಬಿಕೆಗಳ ಬಗ್ಗೆ ಬರೆಯುವಾಗ ಬಹುವಚನವೇ ಸಹಜ.

‘ಅನ್ನಿಸುತ್ತದೆ’ ಎಂಬ ಸಾಮಾನ್ಯ ಮಾತಿಗೆ ಈ ನಾಮಪದ ಬೇಡ, ಕ್ರಿಯಾಪದ ಸಾಕು: ಮಳೆ ಬರುವ ಹಾಗಿದೆ ಎನ್ನಲು ‘ಜ ಕ್ರ್ವಾ ಕಿಲ್ ವಾ ಪ್ಲವ್ವಾರ್’.