28ನೇ ದಿನಕ್ಕೆ ಕಾಯಬೇಡಿ

ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯ ಅಬೊರಿಜಿನಲ್ (ಮೂಲನಿವಾಸಿ) ಊರುಗಳ ಕ್ಲಿನಿಕ್‌ಗಳಲ್ಲಿ ಕೆಲಸಕ್ಕೆ ಬರುವ ಕನ್ನಡದ ನರ್ಸ್‌ಗಳಿಗೆ, ವೈದ್ಯರಿಗೆ ಮೊದಲು ಹೇಳಬೇಕಾದ್ದು ಇದು: ರುಮ್ಯಾಟಿಕ್ ಜ್ವರ (ಗಂಟಲಿನ ಸೋಂಕಿನ ಬೆನ್ನಿಗೆ ಬಂದು ಕೀಲು, ಹೃದಯವನ್ನು ಕಾಡುವ ರೋಗ) ಮರುಕಳಿಸದಂತೆ ಕೊಡುವ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ನನ್ನು ‘ತಿಂಗಳ ಸೂಜಿ’ ಅನ್ನಬೇಡಿ. ತಿಂಗಳಿಗೊಂದರಂತೆ ವರ್ಷಕ್ಕೆ 12 ಆಯಿತು. ಒಂದೊಂದು 28 ದಿನ ರಕ್ಷಣೆ ಕೊಟ್ಟರೂ 336 ದಿನ. ಉಳಿದ 29 ದಿನ ಆ ಮಗುವಿಗೆ ರಕ್ಷಣೆ ಇಲ್ಲ. ರುಮ್ಯಾಟಿಕ್ ಜ್ವರ ಮತ್ತೆ ಬರಲು ಅಂಥ ಒಂದು ಸಂದು ಸಾಕು. ಪ್ರತಿ ಸಲವೂ ಹೃದಯದ ಕವಾಟ, ಬಹಳಷ್ಟು ಸಲ ಮೈಟ್ರಲ್ ಕವಾಟ, ಇನ್ನಷ್ಟು ಹಾಳಾಗಬಹುದು. ವರ್ಷಕ್ಕೆ ಬೇಕಾದ್ದು 13.

ಕ್ಲಿನಿಕ್‌ನ ರೀಕಾಲ್ ಪಟ್ಟಿಯನ್ನು (ಮತ್ತೆ ಕರೆಯಬೇಕಾದವರ ಪಟ್ಟಿ) 28ಕ್ಕೆ ಹೊಂದಿಸಿದರೆ ಹೆಸರು ಪರದೆಯ ಮೇಲೆ ಬರುವ ಹೊತ್ತಿಗೆ ಕಾಲ ಮುಗಿದಿರುತ್ತದೆ. ಮರುದಿನ ಕಾರು ಕೆಟ್ಟಿರುತ್ತದೆ, ಇಲ್ಲವೇ ಊರಲ್ಲಿ ಸಾವಾಗಿ ಕ್ಲಿನಿಕ್ ಮುಚ್ಚಿರುತ್ತದೆ. ನಾವು 21ನೇ ದಿನಕ್ಕೇ ಹೆಸರು ಎಬ್ಬಿಸುತ್ತೇವೆ. ಹುಡುಕಲು ಒಂದು ವಾರ ಕೈಯಲ್ಲಿರುತ್ತದೆ. 23ನೇ ದಿನ ಸಿಕ್ಕರೆ ಅಂದೇ ಕೊಟ್ಟು ಅಲ್ಲಿಂದ ಹೊಸ ಎಣಿಕೆ. ಬೇಗ ಕೊಟ್ಟರೆ ತೊಂದರೆಯಿಲ್ಲ, ತಡವಾದರೆ ಇದೆ. ಸರಿಯಾಗಿ ತೆಗೆದುಕೊಳ್ಳುತ್ತಿದ್ದರೂ ಜ್ವರ ಮರುಕಳಿಸಿದವರಿಗೆ 21 ದಿನಕ್ಕೊಮ್ಮೆಯೇ ಕೊಡಬೇಕು. ‘ಶೇಕಡಾ 80 ಇಂಜೆಕ್ಷನ್ ಆಗಿದೆ’ ಎಂಬ ಲೆಕ್ಕವನ್ನು ನಾನು ನಂಬುವುದಿಲ್ಲ. 13ರಲ್ಲಿ 11 ಆಗಿದ್ದರೂ ತಪ್ಪಿದ ಎರಡು ಒಂದರ ಹಿಂದೆ ಒಂದು ಬಂದರೆ ಸುಮಾರು ಎರಡು ತಿಂಗಳು ಬರಿದು. ರಕ್ಷಣೆಯಿಲ್ಲದ ದಿನಗಳನ್ನೇ ಎಣಿಸಿ.

ಇನ್ನು ನೋವು. ಮಕ್ಕಳು ಓಡಿಹೋಗುವುದು ಇದಕ್ಕೇ, ಮತ್ತು ಇದು ಪೂರ್ತಿ ನಮ್ಮ ಕೈಯಲ್ಲಿದೆ. 20 ಕೆ.ಜಿ. ಮತ್ತು ಅದಕ್ಕಿಂತ ಹೆಚ್ಚಿನ ತೂಕದವರಿಗೆ 12 ಲಕ್ಷ ಯೂನಿಟ್, ಕಡಿಮೆ ಇದ್ದವರಿಗೆ 6 ಲಕ್ಷ. ಇಲ್ಲಿ ಬರುವುದು ಮೊದಲೇ ತುಂಬಿದ ಸಿರಿಂಜ್, 12 ಲಕ್ಷಕ್ಕೆ 2.3 ಮಿ.ಲೀ., ಗಂಜಿಯಂಥ ದಪ್ಪ ಮದ್ದು. 2ರಿಂದ 8 ಡಿಗ್ರಿ ಫ್ರಿಜ್‌ನಲ್ಲಿರುತ್ತದೆ. ಹೊರಗೆ ತೆಗೆದು ಅಂಗೈಗಳ ನಡುವೆ ಹೊರಳಿಸುತ್ತ ಚಳಿ ಬಿಡಿಸಿ; ಬಿಸಿನೀರಿಗೆ ಹಾಕಬೇಡಿ. ತಣ್ಣಗಿದ್ದರೆ ಮದ್ದು ಇಳಿಯುವುದೂ ಕಷ್ಟ, ನೋವೂ ಹೆಚ್ಚು. ಸ್ಪಿರಿಟ್ ಒರೆಸಿದ ಮೇಲೆ ಚರ್ಮ ಪೂರ್ತಿ ಆರಲಿ. ಚುಚ್ಚುವ ಜಾಗವನ್ನು ಹೆಬ್ಬೆರಳಿನಿಂದ 10 ಸೆಕೆಂಡು ಒತ್ತಿ ಹಿಡಿಯಿರಿ. 21 ಗೇಜ್ ಸೂಜಿ ಬಳಸಿ. ಸಣ್ಣ ಸೂಜಿಯಲ್ಲಿ ಮದ್ದು ಕಟ್ಟಿಕೊಂಡು ಎರಡನೇ ಸಲ ಚುಚ್ಚುವ ಪಾಡು ಬರುತ್ತದೆ. ಬ್ಲಡ್ ಬರುತ್ತದೆಯೇ ಎಂದು ಹಿಂದಕ್ಕೆಳೆದು ನೋಡಿ, ಬಂದರೆ ಆ ಸಿರಿಂಜ್ ಎಸೆಯಿರಿ. ಈ ಮದ್ದು ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲಬಹುದು. ಆಮೇಲೆ ನಿಧಾನ: ಎರಡು ಮೂರು ನಿಮಿಷ ಹಿಡಿಸಿ, ಒತ್ತಡ ಒಂದೇ ಸಮನಿರಲಿ. ಮಧ್ಯೆ ನಿಲ್ಲಿಸಿದರೂ ಸೂಜಿ ಕಟ್ಟುತ್ತದೆ.

ಜಾಗ ಸೊಂಟದ ಪಕ್ಕ. ಎಡ ಸೊಂಟಕ್ಕೆ ನಿಮ್ಮ ಬಲಗೈ: ಅಂಗೈ ಬುಡ ತೊಡೆ ಮೂಳೆಯ ಉಬ್ಬಿನ ಮೇಲೆ, ತೋರುಬೆರಳು ಮುಂದಿನ ಸೊಂಟಮೂಳೆಯ ತುದಿಗೆ, ಮಧ್ಯದ ಬೆರಳನ್ನು ಸೊಂಟದ ಅಂಚಿನತ್ತ ಅಗಲಿಸಿ. ಎರಡು ಬೆರಳ ನಡುವಿನ ಸಂದಿಯಲ್ಲಿ ಚುಚ್ಚಿ. ಕುಂಡಿಯ ಮೇಲೆ ಕೊಡುವ ಹಳೆಯ ಅಭ್ಯಾಸ ಬಿಡಿ, ಅಲ್ಲಿ ಕಾಲಿಗೆ ಇಳಿಯುವ ಸಯಾಟಿಕ್ ನರವಿದೆ. ತೊಡೆಯ ಹೊರಮಗ್ಗುಲೂ ಆಗುತ್ತದೆ. ಯಾವ ಕಡೆ ಬೇಕೆಂದು ಮಗುವನ್ನೇ ಕೇಳಿ, ಹೇಳಿದ ಕಡೆಯೇ ಕೊಡಿ. ಆ ಒಂದು ಮಾತು ಮುಂದಿನ ಸಲ ಅದನ್ನು ಕರೆತರುತ್ತದೆ.

2023ರ ಜಾಗತಿಕ ಕೊರತೆಯಲ್ಲಿ ತುಂಬಿದ ಸಿರಿಂಜ್ ಸಿಗದೆ ಹೊರದೇಶದ ಪುಡಿ ವಯಲ್ ತರಿಸಬೇಕಾಯಿತು. ನಮ್ಮ ಭಾರತದಲ್ಲಿ ಪೆನಿಡ್ಯೂರ್ (ಇದೇ ಮದ್ದಿನ ಪುಡಿ) ಕಲಸಿ ಕೊಟ್ಟವರಿಗೆ ಈ ಕೆಲಸ ಗೊತ್ತು: ಲೇಬಲ್ ಹೇಳಿದಷ್ಟೇ ನೀರು, ಗಂಟಿಲ್ಲದಂತೆ ಕಲಸಿ ತಕ್ಷಣ ಕೊಡುವುದು. ಇಟ್ಟರೆ ತಳಕ್ಕೆ ಕೂರುತ್ತದೆ.

ಕೊಟ್ಟ ಮೇಲೆ ಕನಿಷ್ಠ 15 ನಿಮಿಷ ಮಲಗಿಸಿ. ಹಸಿದು ಬಂದ ಮಗು ಹೆದರಿಕೆಗೆ ತಲೆಸುತ್ತಿ ಬಿದ್ದರೆ ಅದನ್ನು ‘ಪೆನಿಸಿಲಿನ್ ಅಲರ್ಜಿ’ ಎಂದು ಬರೆದುಬಿಡುವವರಿದ್ದಾರೆ. ಆ ಒಂದು ಸಾಲು ಮಗುವನ್ನು ವರ್ಷಗಟ್ಟಲೆ ಇದಕ್ಕಿಂತ ದುರ್ಬಲವಾದ ಮಾತ್ರೆಗೆ ತಳ್ಳುತ್ತದೆ. ನಾಡಿ ನಿಧಾನವಾಗಿದ್ದು, ಮೈ ತಣ್ಣಗಿದ್ದು, ಮಲಗಿಸಿ ಕಾಲೆತ್ತಿದ ಕೂಡಲೇ ಚೇತರಿಸಿಕೊಂಡರೆ ಬಹುಮಟ್ಟಿಗೆ ಅದು ಮೂರ್ಛೆ. ದದ್ದು, ಉಬ್ಬಸ, ಬಿಡದ ರಕ್ತದೊತ್ತಡ ಕುಸಿತ ಇದ್ದರೆ ಅಲರ್ಜಿ: ಕಾಯದೆ ತೊಡೆಗೆ ಅಡ್ರಿನಲಿನ್, ದೊಡ್ಡವರಿಗೆ 0.5 ಮಿ.ಗ್ರಾಂ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮೈಟ್ರಲ್ ಕವಾಟ ತೀರಾ ಕಿರಿದಾದವರು, ಹೃದಯದ ಪಂಪಿನ ಶಕ್ತಿ ಶೇಕಡಾ 50ಕ್ಕಿಂತ ಇಳಿದವರು, ಕೂತಲ್ಲೇ ಏದುಸಿರು ಬಿಡುವವರು ಸೂಜಿಯ ನಂತರ ಕುಸಿದು ಸತ್ತದ್ದುಂಟು. ಅದು ಅಲರ್ಜಿಯಲ್ಲ, ನೋವು, ಭಯದ ಆಘಾತವನ್ನು ಆ ಹೃದಯ ತಡೆಯದು ಎಂಬ ವಿವರಣೆಯೇ ಹೆಚ್ಚು ಒಪ್ಪುವಂಥದ್ದು. 2022ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಅಂಥವರಿಗೆ ಬಾಯಿಯ ಪೆನಿಸಿಲಿನ್ ಪರಿಗಣಿಸಿ ಎಂದು ಸಲಹೆ ಕೊಟ್ಟಿದೆ. ಎಕೋ (ಹೃದಯದ ಸ್ಕ್ಯಾನ್) ವರದಿ ಓದದೆ ಸಿರಿಂಜ್ ತೆಗೆಯಬೇಡಿ.

ಯಾರು ಕೊಡುತ್ತಾರೆ ಎಂಬುದೂ ಮುಖ್ಯ. ಗಂಡಸರಿಗೆ, ಹೆಂಗಸರಿಗೆ ಬೇರೆ ಕೋಣೆ ಬೇಕು. ಕೆಲವು ನಂಟುಗಳಲ್ಲಿ ಒಬ್ಬರನ್ನೊಬ್ಬರು ಮುಖ ನೋಡಿ ಮಾತಾಡುವಂತಿಲ್ಲ; ಅಂಥ ನಂಟಿನ ಹೆಲ್ತ್ ವರ್ಕರ್ ಎದುರಿಗಿದ್ದರೆ ರೋಗಿ ಬಾಗಿಲಿಂದಲೇ ಹಿಂದಿರುಗುತ್ತಾರೆ, ನಾವು ‘ಬರಲಿಲ್ಲ’ ಎಂದು ಬರೆಯುತ್ತೇವೆ. ಪಟ್ಟಿಯನ್ನು ಪ್ರತಿ ವಾರ ಊರಿನ ಹೆಲ್ತ್ ವರ್ಕರ್ ಜೊತೆ ಕೂತು ಓದಿ. ಯಾರು ಯಾರ ಮನೆಯಲ್ಲಿದ್ದಾರೆ, ಯಾರು ಸಾವಿನ ಕಾರ್ಯಕ್ಕೆ ಬೇರೆ ಊರಿಗೆ ಹೋದರು ಎಂಬುದು ಅವರಿಗೆ ಗೊತ್ತು, ಕಂಪ್ಯೂಟರಿಗಲ್ಲ.

ರುಮ್ಯಾಟಿಕ್ ಜ್ವರ ಹೊಸದಾಗಿ ಶುರುವಾಗಿರಬಹುದೆಂಬ ಅನುಮಾನದ ಮಗು ಬಂದರೆ ಐಬುಪ್ರೊಫೇನ್ ಕೊಡಲು ಅವಸರಪಡಬೇಡಿ. ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ನೋವೇ ರೋಗದ ಗುರುತು, ಅದನ್ನು ಆ ಮಾತ್ರೆ ಅಳಿಸಿಹಾಕುತ್ತದೆ. ರೋಗ ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಸಾಕು. ಈ ಊರುಗಳಲ್ಲಿ ಒಂದೇ ಕೀಲು ಊದಿದ್ದರೂ ಅದು ಮುಖ್ಯ ಲಕ್ಷಣ. ಇಸಿಜಿ ತೆಗೆದು ಪಿಆರ್ ಅಂತರ (ಹೃದಯದ ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ವಿದ್ಯುತ್ ಸಂಕೇತ ತಲುಪುವ ಸಮಯ) ನೋಡಿ.

ಊರು ಬಿಟ್ಟು ಹೊರಟವರ ಮುಂದಿನ ಕ್ಲಿನಿಕ್‌ಗೆ ಅಂದೇ ಫೋನ್ ಮಾಡಿ. ಕೊನೆಯ ಸೂಜಿಯ ತಾರೀಕು, ಡೋಸ್, ಯಾವ ಕಡೆ ಕೊಟ್ಟಿದ್ದು, ಆ ಮಗುವಿಗೆ ಏನು ಮಾಡಿದರೆ ಭಯ ಕಡಿಮೆಯಾಗುತ್ತದೆ: ಈ ನಾಲ್ಕನ್ನು ಚೀಟಿಯಲ್ಲಿ ಬರೆದು ಮನೆಯವರ ಕೈಗೂ ಕೊಡಿ. 1997ರಿಂದ ಟೆರಿಟರಿಯಲ್ಲಿ ಈ ರೋಗದ ನಿಯಂತ್ರಣ ಕಾರ್ಯಕ್ರಮವಿದೆ, ಅದರ ನೋಂದಣಿ ಪಟ್ಟಿಗೂ ಅಂದೇ ತಿಳಿಸಿ. ನಾಳೆ ಎಂದು ಬಿಟ್ಟರೆ ಹೊಸ ಊರಿನವರು ಎಣಿಕೆಯನ್ನು ತಪ್ಪು ದಿನದಿಂದ ಶುರುಮಾಡುತ್ತಾರೆ.