ಮಲೆನಾಡಿನ ಸಣ್ಣ ಅಂಗಳಕ್ಕೆ ಬ್ಯಾಟರಿ ಲಾನ್ ಮೋವರ್

ಮೊದಲು ನಿಮ್ಮ ಅಂಗಳ ನೋಡಿ, ಆಮೇಲೆ ಅಂಗಡಿಗೆ ಹೋಗಿ. ನೆಲ ಸಪಾಟಾಗಿದ್ದರೆ ಮಾತ್ರ ಚಕ್ರದ ಮೋವರ್, ಅಂದರೆ ತಳ್ಳಿಕೊಂಡು ಹುಲ್ಲು ಕತ್ತರಿಸುವ ಯಂತ್ರ, ತಗೊಳ್ಳಿ. ತೀರ್ಥಹಳ್ಳಿಯ ನಮ್ಮನೆಯ ಹಾಗೆ ಒಂದು ಬದಿ ಧರೆ (ಕಡಿದಾದ ಮಣ್ಣಿನ ದಿಬ್ಬ), ಅದರ ಬುಡದಲ್ಲಿ ಹಲಸಿನ ಬೇರು ಇದ್ದರೆ ಅಷ್ಟು ಜಾಗಕ್ಕೆ ಕೈಯಲ್ಲಿ ಹಿಡಿದು ಹುಲ್ಲು ಸವರುವ ವೀಡ್ ಕಟ್ಟರ್ರೇ ಸರಿ. ಒಂದೆರಡು ಗುಂಟೆಗೆ 32ರಿಂದ 34 ಸೆಂಟಿಮೀಟರ್ ಅಗಲದ ಮೋವರ್ ಸಾಕು, ಗಿಡಗಳ ನಡುವೆ ತಿರುಗಿಸಲೂ ಸಲೀಸು.

ಬ್ಯಾಟರಿ ವಿಷಯದಲ್ಲಿ ಬರೀ ವೋಲ್ಟ್ ನೋಡಿ ಮರುಳಾಗಬೇಡಿ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ, ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿ ಹಿಡಿಯುತ್ತದೆ ಅಂತ ವ್ಯಾಟ್-ಅವರ್ ಲೆಕ್ಕದಲ್ಲಿ ಗೊತ್ತಾಗುತ್ತದೆ. 36 ವೋಲ್ಟ್, 4 ಆಂಪಿಯರ್-ಅವರ್ ಅಂದರೆ 144 ವ್ಯಾಟ್-ಅವರ್. 36 ವೋಲ್ಟ್, 2 ಆಂಪಿಯರ್-ಅವರ್ ಆದರೆ ಅದರ ಅರ್ಧ. ನಮ್ಮ ಮಳೆಗಾಲದ ದಟ್ಟ ಹುಲ್ಲು ಚಾರ್ಜನ್ನು ಬೇಗ ಕುಡಿಯುತ್ತದೆ, ಕರೆಂಟಂತೂ ಹೇಳದೇ ಕೇಳದೇ ಹೋಗುತ್ತದೆ. ಹಣ ಹೊಂದಿದರೆ ಎರಡನೇ ಬ್ಯಾಟರಿ ತಗೊಳ್ಳಿ. ಬ್ರಷ್‌ಲೆಸ್ ಮೋಟಾರಿಗೆ (ಒಳಗೆ ಸವೆಯುವ ಕಾರ್ಬನ್ ಬ್ರಷ್ ಇಲ್ಲದ್ದು) ಬೆಲೆ ಹೆಚ್ಚು, ಆದರೂ ನಾನು ಅದನ್ನೇ ಹೇಳುತ್ತೇನೆ.

ಕತ್ತರಿಸುವ ಎತ್ತರ ಬದಲಿಸುವ ಹಿಡಿ ಇರಲೇಬೇಕು. ಮಳೆ ಹೊಳವಾಗಿ ಹುಲ್ಲು ಒಣಗಿದ ಮೇಲೆ, ಒಮ್ಮೆಗೆ ಅದರ ಎತ್ತರದ ಮೂರನೇ ಒಂದು ಭಾಗ ಮಾತ್ರ ತೆಗೆಯಿರಿ. ಒದ್ದೆ ಹುಲ್ಲು ಬ್ಲೇಡಿನ ಸುತ್ತ ಹಸಿರು ಮುದ್ದೆಯಾಗಿ ಮೆತ್ತಿಕೊಳ್ಳುತ್ತದೆ. ಬ್ಯಾಟರಿ ತೆಗೆದಿಟ್ಟು ಮರದ ಕಡ್ಡಿಯಿಂದ ಕೆರೆಯಿರಿ, ಪೈಪಿನಿಂದ ನೀರು ಹೊಡೆಯಬೇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ, ತಂಪಾದ ಒಣ ಕೋಣೆಯಲ್ಲಿಡಿ. ಒಲೆ ಮೇಲಿನ ಅಟ್ಟ ಬೇಡವೇ ಬೇಡ.

ದುಡ್ಡು ಕೊಡುವ ಮೊದಲು ಇನ್ನೊಂದು ಕೇಳಿ: ಬ್ಲೇಡು, ಬ್ಯಾಟರಿ ಶಿವಮೊಗ್ಗದಲ್ಲೇ ಸಿಗುತ್ತವೆಯೋ, ಬೆಂಗಳೂರಿಗೇ ಕಳಿಸಬೇಕೋ?