ಒದ್ದೆ ಬಟ್ಟೆಗಳ ಲೆಕ್ಕ

ಕಾಸರಗೋಡು ಜಿಲ್ಲೆಯ ಪೆರ್ಲದ ಆಸುಪಾಸಿನಲ್ಲಿ ಆಶಾ ಕಾರ್ಯಕರ್ತೆಯಾಗಿ ಬಾಣಂತಿಯರ ಮನೆಗಳಿಗೆ ಹೋಗತೊಡಗಿದ ಮೊದಲ ವರ್ಷಗಳಲ್ಲಿ, ಆರು ತಿಂಗಳು ತುಂಬುವವರೆಗೆ ಎದೆಹಾಲಲ್ಲದೆ ನೀರನ್ನೂ ಕೊಡಬಾರದೆಂದು ನಾನು ಹೇಳುತ್ತಿದ್ದುದು ತಾಯಂದಿರಿಗೆ ಮಾತ್ರ. ಅವರು ತಲೆಯಾಡಿಸುತ್ತಿದ್ದರು, ಮುಂದಿನ ಸಲ ಹೋಗುವಾಗ ಕಿಟಕಿಯಲ್ಲಿ ಹಾಲಿನ ಪುಡಿಯ ಡಬ್ಬಿ ಇರುತ್ತಿತ್ತು.

ಮಗುವಿನ ಬಾಯಿಗೆ ಏನು ಹೋಗಬೇಕೆಂದು ತೀರ್ಮಾನಿಸುವವರು ಅದನ್ನು ಮೀಯಿಸುವವರೇ ಎಂಬುದು ನನಗೆ ತಡವಾಗಿ ತಿಳಿಯಿತು. ತವರಿನ ಬಾಣಂತನದಲ್ಲಿ ಅವರು ಅಜ್ಜಿ. ಬಜೆ ತೇದು ಜೇನಿನಲ್ಲಿ ನೆಕ್ಕಿಸುವುದೂ ಸೆಕೆಗೆಂದು ಕಾಯಿಸಿ ಆರಿಸಿದ ನೀರು ಕುಡಿಸುವುದೂ ಅವರ ಪ್ರೀತಿಯ ರೀತಿ. ನನ್ನ ಕೈಯಲ್ಲಿದ್ದ ಕರಪತ್ರ ಮಲಯಾಳದಲ್ಲಿತ್ತು, ಅವರು ಓದುತ್ತಿದ್ದುದು ಕನ್ನಡ ಮಾತ್ರ. ಆದ್ದರಿಂದ ಮೀಯಿಸುವ ಹೊತ್ತಿಗೇ ಹೋಗಿ ಕುಳಿತು, ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ ಇರುವುದನ್ನೂ, ವರ್ಷ ತುಂಬದ ಮಗುವಿಗೆ ಜೇನಿನಿಂದ ಬೊಟುಲಿಸಂ ಎಂಬ ಅಪರೂಪದ, ಆದರೆ ಅಪಾಯಕಾರಿಯಾದ ಕಾಯಿಲೆ ಬರಬಹುದೆಂಬುದನ್ನೂ ತುಳುವಿನಲ್ಲಿಯೋ ಕನ್ನಡದಲ್ಲಿಯೋ ಅವರಿಗೇ ವಿವರಿಸತೊಡಗಿದೆ.

ಜೇನನ್ನು ಬಿಡಿಸುವುದು ಸುಲಭವಾಯಿತು. ಕಷ್ಟವಾದದ್ದು "ಹಾಲು ಸಾಲುವುದಿಲ್ಲ" ಎಂಬ ಭಯ. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿದು, ಸಾಮಾನ್ಯವಾಗಿ ಎರಡು ವಾರದೊಳಗೆ ಮರಳಿ ಬರುತ್ತದೆ. ಅಷ್ಟರಲ್ಲೇ ನೋಡಲು ಬಂದವರು "ಮಗು ಸಪೂರ ಆಗಿದೆ" ಎನ್ನುತ್ತಾರೆ. ಸಂಜೆ ಅತ್ತಾಗ ಬಾಟಲಿ ಕೊಡುತ್ತಾರೆ, ಬಾಟಲಿ ಕುಡಿದ ಮಗು ಎದೆ ಚೀಪುವುದು ಕಡಿಮೆಯಾಗುತ್ತದೆ, ಚೀಪದ ಎದೆಯಲ್ಲಿ ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ. ಸಿಸೇರಿಯನ್ ಆಗಿ, ಮೊದಲ ಗಂಟೆಯಲ್ಲಿ ಮಗುವನ್ನು ಎದೆಗೆ ಹಚ್ಚಲಾಗದೆ ಮಂಗಳೂರಿನಿಂದ ಮರಳಿದವರಲ್ಲಿ ಈ ಭಯ ಹೆಚ್ಚು.

ಐದು ದಿನ ಕಳೆದ ಮಗು ಹಗಲುರಾತ್ರಿ ಸೇರಿ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಕಾಗುತ್ತಿದೆ ಎಂದು ತಿಳಿಯಬಹುದು. ಒದ್ದೆ ಬಟ್ಟೆಗೊಂದರಂತೆ ಬಟ್ಟಲಿಗೆ ಅಡಿಕೆ ಹಾಕಿರೆಂದು ಒಬ್ಬ ಅಜ್ಜಿಗೆ ಹೇಳಿದೆ. ಮರುದಿನ ಅವರೇ ಬಟ್ಟಲು ತಂದು, "ಎಂಟು ಉಂಟು ಮಗಳೇ" ಎಂದರು. ಆ ಮನೆಗೆ ಡಬ್ಬಿ ಬರಲಿಲ್ಲ.

ಕೆಲಸದ ವಿಷಯ ಬೇರೆ. ಬೀಡಿ ಕಟ್ಟುವವರು ಮನೆಯಲ್ಲೇ ಇರುತ್ತಾರೆ. ಕೈ ತೊಳೆದು ಮಗುವನ್ನೆತ್ತಿಕೊಂಡರಾಯಿತು. ಆದರೆ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಂತೆ 26 ವಾರಗಳ ಹೆರಿಗೆ ರಜೆ ಸಿಗಬೇಕಾಗಿದ್ದ, ಬಟ್ಟೆಯಂಗಡಿಯೊಂದರ ಚೊಚ್ಚಲ ಬಾಣಂತಿ ಮೂರನೆಯ ತಿಂಗಳಲ್ಲೇ ಕೆಲಸಕ್ಕೆ ಮರಳಿದಳು. ಹಾಲು ಹಿಂಡಿ ಫ್ರಿಜ್ಜಿನಲ್ಲಿಡಲು ಕಲಿಸಿದೆ. ಅಂಗಡಿಯಲ್ಲಿ ಹಿಂಡಲು ಮರೆಯಾದ ಜಾಗವಿರಲಿಲ್ಲ, ಬಿಡುವೂ ಇರಲಿಲ್ಲ. ಐದನೆಯ ತಿಂಗಳಿಗೆ ಅವಳ ಮನೆಗೆ ಪುಡಿ ಬಂತು. ಅಲ್ಲಿ ಅಜ್ಜಿಯೂ ನಾನೂ ಒಂದೇ ಮಾತಿನವರಾಗಿದ್ದೆವು.